ಔಟರ್‌ನಲ್ಲಿ ನಿಂತ ಕಡಲೆಕಾಯಿ

ನಾಗರಿಕತೆಯ ಬೆನ್ನೆಲುಬು ರೈಲುಮಾರ್ಗವೆಂದು ಬಲ್ಲವರು ಹೇಳುತ್ತಾರೆ. ದೂರವನ್ನು ಗೆದ್ದು, ಊರನ್ನು ಊರಿಗೆ ಬೆಸೆದು, ಮನುಷ್ಯನನ್ನು ಮನುಷ್ಯನ ಹತ್ತಿರಕ್ಕೆ ತಂದ ಮಹಾಸಾಧನ ಅದೆಂಬುದರಲ್ಲಿ ನನಗೂ ಭಿನ್ನಾಭಿಪ್ರಾಯವಿಲ್ಲ. ನಾನು ಹತ್ತಿರದಿಂದ ಬಲ್ಲ ರೈಲುಮಾರ್ಗದ ಬೆನ್ನೆಲುಬು ಮಾತ್ರ ಸೀಮೆಎಣ್ಣೆ ಪೆಟ್ಟಿಗೆಯ ಹಲಗೆಗಳಿಂದಾಗಿತ್ತು, ಮತ್ತು ಅದರ ಮೇಲೆ ಮಲಗಿರುತ್ತಿದ್ದ ಬೆಕ್ಕನ್ನು ಎಬ್ಬಿಸದೆ ಯಾವ ಗಾಡಿಯೂ ಪೆನುಕೊಂಡ ದಾಟುವಂತಿರಲಿಲ್ಲ.

ಈ ಹೊತ್ತು ಅದು ನೆನಪಾದದ್ದು ನನ್ನ ಮೇಜಿನ ಮೇಲಿರುವ ಒಂದು ಚೀಲದಿಂದ. ಚೀಲವೆಂದರೆ ನೀವು ಗೋಣಿಯನ್ನು ಊಹಿಸಿಕೊಳ್ಳಬೇಡಿ; ಹೆಬ್ಬೆರಳಿಗಿಂತ ತುಸು ದಪ್ಪನೆಯದು, ಹಳೆಯ ಹಸಿರು ಸೀರೆಯ ಅಂಚಿನ ತುಂಡನ್ನು ಮಡಿಸಿ ಹೊಲಿದು, ಬಾಯಿಗೆ ಹುರಿದಾರ ಬಿಗಿದದ್ದು. ಒಳಗೆ ಒಂದು ಕಾಲಕ್ಕೆ ಕಡಲೆಬೀಜವಿತ್ತು. ಈಗ ಇರುವುದು ಹುಳುಗಳು ತಮ್ಮ ಪಾಲನ್ನು ಪಡೆದು ಉಳಿಸಿಹೋದ ಪುಡಿ. ಕಾಗದ ಹಾರದಂತೆ ಇಡಲು ಅದು ತೀರ ಹಗುರ, ಎಸೆಯಲು ಹೋದರೆ ತುಸು ಭಾರ. ಹೀಗಾಗಿ ಉಪಯೋಗವೇನೂ ಇಲ್ಲದೆ, ನಿವೃತ್ತ ಮೇಷ್ಟರೊಬ್ಬನ ಮನೆಯಲ್ಲಿ ಇನ್ನೊಬ್ಬ ನಿವೃತ್ತನ ಹಾಗೆ ಅದು ಕಾಲ ಕಳೆಯುತ್ತಿದೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಹಿಂದೂಪುರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟರಾಗಿದ್ದೆ. ಸಂಜೆ ಸ್ಟೇಷನ್ನಿಗೆ ಹೋಗಿ, ನೀರು ಕುಡಿಯಲು ನಿಂತ ಎಂಜಿನ್ನುಗಳ ಚಿತ್ರ ಬರೆಯುವುದು ನನ್ನ ದೌರ್ಬಲ್ಯ. ಅಲ್ಲಿಯೇ ಒಂದು ದಿನ ಕಲ್ಯಾಣದುರ್ಗದ ರುದ್ರಪ್ಪ ಸಿಕ್ಕ. ಕಡಲೆಕಾಯಿ ವ್ಯಾಪಾರದ ಮನೆತನದವನು, ಮಾಲು ರೈಲಿಗೆ ಹಾಕಿಸಲು ಬಂದವನು, ಶಂಟಿಂಗ್ ನೋಡುತ್ತ ನಿಂತು ಊರಿನ ಬಸ್ಸು ತಪ್ಪಿಸಿಕೊಂಡಿದ್ದ. ಒಂದೇ ಎಂಜಿನ್ನನ್ನು ಇಬ್ಬರು ಗಂಡಸರು ಅಷ್ಟು ಹೊತ್ತು ಮಾತಿಲ್ಲದೆ ನೋಡಿದ ಮೇಲೆ ಪರಿಚಯ ಮಾಡಿಕೊಳ್ಳದೆ ವಿಧಿಯಿರಲಿಲ್ಲ. ಕಲ್ಯಾಣದುರ್ಗಕ್ಕೆ ಆಗ ರೈಲಿರಲಿಲ್ಲ. ಆ ಊರಿನವರು ರೈಲಿನ ಸಿಳ್ಳು ಕೇಳಬೇಕಾದರೂ ಬಸ್ಸು ಹತ್ತಬೇಕಾಗಿತ್ತು. ರುದ್ರಪ್ಪ ಇದನ್ನು ಭೂಗೋಳದ ಸಂಗತಿಯೆಂದು ತಿಳಿಯದೆ ತನ್ನ ಮನೆತನಕ್ಕಾದ ಅವಮಾನವೆಂದು ತಿಳಿದಿದ್ದ.

ಆಮೇಲೆ ನಡೆದದ್ದಕ್ಕೆ ಅವನ ಮನೆಯ ಕಡಲೆಕಾಯಿ ಕೋಣೆ ಸಾಕ್ಷಿ. ಸೀಮೆಎಣ್ಣೆ ಪೆಟ್ಟಿಗೆಯ ಹಲಗೆಗಳನ್ನು ಜೋಡಿಸಿ ಹಿಂದೂಪುರದಿಂದ ಪೆನುಕೊಂಡದ ತನಕದ ದಾರಿಯನ್ನು ಅದರ ಮೇಲೆ ಹೂಡಿದೆವು. ಬೆಂಗಳೂರಿನಿಂದ ತಂದ, ಕೀಲಿ ಕೊಟ್ಟರೆ ಓಡುವ ಆಟಿಕೆಯ ಎಂಜಿನ್ನೊಂದಕ್ಕೆ ಕಾಡಿಗೆ ಬಳಿದು ಕಪ್ಪು ಮಾಡಿದೆವು. ಸೈಕಲ್ ಷಾಪಿನ ಓಬುಳರೆಡ್ಡಿ ಎಣ್ಣೆಡಬ್ಬದ ತಗಡು ಸೀಳಿ ಹಳಿ ಮಾಡಿಕೊಟ್ಟ. ಕೊಟ್ಟವನು ಹೋಗದೆ ಅಲ್ಲಿಯೇ ಉಳಿದು ಮೂರನೆಯ ಹುಚ್ಚನಾದ. ನಶ್ಯದ ಡಬ್ಬಿಗಳು ಗೂಡ್ಸ್ ಗಾಡಿಯಾದವು, ಪೊರಕೆ ಕಡ್ಡಿಗಳು ತಂತಿಕಂಬಗಳಾದವು. ಭಾನುವಾರ ಬಂತೆಂದರೆ ನಾನು ಬಸ್ಸಿನಲ್ಲಿ ಹೋಗುವುದು, ಮೂವರೂ ಹಲಗೆಯ ಸುತ್ತ ಮಂಡಿಯೂರುವುದು. ಬೆಟ್ಟಕ್ಕೆ ಬಣ್ಣ ಬಳಿಯುತ್ತ ಓಬುಳರೆಡ್ಡಿಯ ಮಗಳಿಗೆ ಬಂದ ಸಂಬಂಧ, ನನ್ನ ಹೆಡ್‌ಮೇಷ್ಟರ ಪಿತ್ತ, ಮಳೆ ಬಾರದ ಮೋಡ, ಎಲ್ಲವೂ ಆ ಹಳಿಗಳ ಮೇಲೆಯೇ ಹಾದುಹೋಗುತ್ತಿದ್ದವು. ನೆಲಕ್ಕೆ ಹಸಿರು ಬರಲೆಂದು ರುದ್ರಪ್ಪ ಒಮ್ಮೆ ರಾಗಿಪೈರು ಬೆಳೆಸಿಟ್ಟಾಗ, ಅನಂತಪುರದ ಸೀಮೆಯಲ್ಲಿ ಅಷ್ಟು ಹಸಿರು ಕಂಡರೆ ಜನ ಇದು ಬೇರೆ ದೇಶವೆಂದು ಟಿಕೆಟ್ಟು ವಾಪಸು ಕೊಟ್ಟಾರೆಂದು ನಾನು ತೆಗೆಸಿದೆ. ಕಡಲೆಸಿಪ್ಪೆಯನ್ನು ಕುಟ್ಟಿ ಹರಡಿದ ಮೇಲೆ ನೆಲಕ್ಕೆ ಅಲ್ಲಿನ ನಿಜವಾದ ಬಣ್ಣ ಬಂತು.

ನೀವು ಗಮನಿಸಿರಬಹುದು, ಆಟವಾಡುವ ಮಕ್ಕಳಿಗೆ ನಿಯಮಗಳು ಕಡಿಮೆ. ಆಟವಾಡುವ ಗಂಡಸರಿಗೆ ನಿಯಮಗಳೇ ಆಟ. ನನ್ನದೊಂದು ಸೂತ್ರವಿತ್ತು: ಭೂಮಿಯ ಮೇಲೆ ಇಲ್ಲದ್ದು ಹಲಗೆಯ ಮೇಲೂ ಇರಕೂಡದು. ಈ ಸೂತ್ರದ ಬಲದಿಂದ ಪೆನುಕೊಂಡದಿಂದ ಹಿಂದೂಪುರಕ್ಕೆ ಏರು ಬಂತು, ಏಕೆಂದರೆ ನಿಜವಾಗಿಯೂ ಏರಿದೆ. ಇದೇ ಸೂತ್ರದ ಬಲದಿಂದ ಕಲ್ಯಾಣದುರ್ಗಕ್ಕೆ ಸ್ಟೇಷನ್ನು ಸಿಗಲಿಲ್ಲ. ಪೆನುಕೊಂಡದ ಆಚೆ ಹಳಿ ಗೋಡೆಯ ತನಕ ಹೋಗಿ, ಹೆಸರಿಲ್ಲದೆ ನಿಂತುಬಿಡುತ್ತಿತ್ತು. ರುದ್ರಪ್ಪ ಆಗಾಗ ಆ ಗೋಡೆಯ ಕಡೆ ನೋಡುತ್ತಿದ್ದ; ಕೇಳುತ್ತಿರಲಿಲ್ಲ.

ಅವನಿಗೂ ಒಂದು ಸೂತ್ರವಿತ್ತು: ಸಿಗ್ನಲ್ಲು ಬೀಳದೆ ಗಾಡಿ ಒಳಗೆ ಬರಕೂಡದು. ಹಿಂದೂಪುರದ ಹೊರಗೆ, ಔಟರ್‌ನಲ್ಲಿ, ಓಬುಳರೆಡ್ಡಿ ಒಂದು ಸಿಗ್ನಲ್ ಕಂಬ ನಿಲ್ಲಿಸಿದ್ದ. ಅದರ ಕೈ ಅಡ್ಡವಾಗಿದ್ದಾಗ ಹಳಿಗಳ ನಡುವೆ ಒಂದು ಮೊಳೆ ಮೇಲೆದ್ದು ನಿಲ್ಲುವುದು. ಎಂಜಿನ್ನಿನ ಹೊಟ್ಟೆಯಡಿಯ ಬ್ರೇಕಿನ ಕಡ್ಡಿ ಅದಕ್ಕೆ ತಾಗಿದರೆ ಗಾಡಿ ತಾನೇ ನಿಲ್ಲುವುದು. ದಾರ ಎಳೆದರೆ ಕೈ ಕೆಳಗಾಗಿ ಮೊಳೆ ಒಳಗೆ ಹೋಗುವುದು. ಒಂದು ಸಲ ನಿಂತ ಗಾಡಿಯನ್ನು ಮತ್ತೆ ಹೊರಡಿಸಬೇಕಾದರೆ ಮಾತ್ರ ಕಡ್ಡಿಯನ್ನು ಬೆರಳಿನಿಂದ ಹಿಂದಕ್ಕೆ ತಳ್ಳಬೇಕು. ಈ ಮೊಳೆ ನಮ್ಮ ರೈಲ್ವೆಯ ಹೆಮ್ಮೆ. ಇದಿಲ್ಲದಿದ್ದರೆ ನಮ್ಮದು ಬೊಂಬೆಯಾಟ ಎನ್ನುತ್ತಿದ್ದ ರುದ್ರಪ್ಪ.

ಹೀಗೆ ಎರಡು ಸುಗ್ಗಿ ಕಳೆದವು. ಕಾಯಿ ಕಡಿಮೆಯಾದ ವರ್ಷಗಳಾದ್ದರಿಂದ ಅದನ್ನು ತುಂಬಲು ಕೋಣೆ ಬೇಕೆಂಬ ಮಾತು ಯಾರೂ ಎತ್ತಲಿಲ್ಲ. ಮೂರನೆಯ ವರ್ಷ ದೇವರು ಕಣ್ಣು ಬಿಟ್ಟ, ಇಳುವರಿ ಚೆನ್ನಾಯಿತು, ನಮ್ಮ ಮೂವರನ್ನು ಬಿಟ್ಟು ಊರೆಲ್ಲ ಸಂತೋಷಪಟ್ಟಿತು. ಒಂದು ವಾರ ಶನಿವಾರವೇ ಹೋಗಿ ತಂಗಿದ್ದ ನನ್ನ ಮುಂದೆ, ಭಾನುವಾರ ಬೆಳಿಗ್ಗೆ ರುದ್ರಪ್ಪನ ತಾಯಿ ಗುರುಬಸಮ್ಮನವರು ಬಂದು ಕೋಣೆಯ ಹೊಸ್ತಿಲ ಮೇಲೆ ನಿಂತರು. ಆ ಮನೆಯಲ್ಲಿ ಸಂಸಾರ, ವ್ಯಾಪಾರ, ನ್ಯಾಯ ಮೂರೂ ಇಲಾಖೆಗಳು ಅವರ ಕೈಯಲ್ಲಿದ್ದವು. ಅವರು ಕೂಗಾಡುವವರಲ್ಲ. ಕೂಗಾಡಿದ್ದರೆ ನಮಗೆ ಧೈರ್ಯವಿರುತ್ತಿತ್ತು.

"ರೈಲು ಅಂದ್ಮೇಲೆ ಸಾಮಾನು ಹೊರ್ಬೇಕು ಕಣಪ್ಪ," ಎಂದರು ಮಗನಿಗೆ. "ಹೊರ್ದೆ ಇರೋದು ಬೊಂಬೆ. ನನ್ ಕಡ್ಲೆಕಾಯ್ನ ಕಲ್ಯಾಣದುರ್ಗದಿಂದ ಹಿಂದೂಪುರಕ್ಕೆ ಮುಟ್ಟಿಸ್ಲಿ, ಯಾರೂ ಕೈ ಹಾಕ್ದಂಗೆ, ಒಂದೇ ಸಲ. ಮುಟ್ಟಿಸ್ತಾ, ಕೋಣೆ ನಿಂದು, ಚೀಲ ಪಡಸಾಲೇಲಿ ಬಿದ್ದಿರ್ಲಿ. ಇಲ್ವಾ, ನಾಳೆ ಕಾಯಿನ್ ಗಾಡಿ ಬತ್ತವೆ, ಎಲ್ಲಾ ಎತ್ಕೊಂಡ್ಬುಡಿ."

ಹೇಳಿ, ಹಲಗೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು. "ಕಲ್ಯಾಣದುರ್ಗ ಎಲ್ಲೈತೆ ಮೇಷ್ಟ್ರೇ ಇದ್ರಾಗೆ?"

ಭೂಮಿಯ ಮೇಲೆ ಕಲ್ಯಾಣದುರ್ಗ ಉಂಟು, ಸ್ಟೇಷನ್ನು ಮಾತ್ರ ಇಲ್ಲ ಎಂಬ ನನ್ನ ಸೂತ್ರವನ್ನು, ಕಲ್ಯಾಣದುರ್ಗದಲ್ಲಿ ಹುಟ್ಟಿದ ಮಗನ ಮುಂದೆ, ಕಲ್ಯಾಣದುರ್ಗಕ್ಕೆ ಸೊಸೆಯಾಗಿ ಬಂದ ತಾಯಿಗೆ ವಿವರಿಸುವಷ್ಟು ಶಾಸ್ತ್ರಜ್ಞಾನ ನನಗೆ ಸಾಲಲಿಲ್ಲ. ಗೋಡೆಯ ಪಕ್ಕದ ಖಾಲಿ ಜಾಗ ತೋರಿಸಿ, ಇಲ್ಲಿದೆ ಎಂದೆ. ರುದ್ರಪ್ಪ ನನ್ನ ಮುಖ ನೋಡಿದ. ಒಳಗೆ ಹೋದವನು ಟ್ರಂಕಿನಿಂದ ಏನನ್ನೋ ಪಂಚೆಯಲ್ಲಿ ಸುತ್ತಿ ತಂದ. ಬಿಚ್ಚಿದರೆ ಸ್ಟೇಷನ್ನು. ಹೆಂಚಿನ ಸೂರು, ನೀರಿನ ನಲ್ಲಿ, ತಕ್ಕಡಿ, ಬೇವಿನ ಮರ. ಪ್ಲಾಟ್‌ಫಾರಂ ಮೇಲೆ ಒಂದು ಬೆಂಚು, ಬೆಂಚಿನ ಮೇಲೆ ಯಾರದೋ ಗಂಟು. ಹಳದಿ ಫಲಕದ ಮೇಲೆ ಕನ್ನಡ, ತೆಲುಗು, ಇಂಗ್ಲಿಷು ಮೂರರಲ್ಲೂ ಊರ ಹೆಸರು. ಯಾವಾಗ ಮಾಡಿದನೋ, ನಾನು ಕೇಳಲಿಲ್ಲ. ಅವನ ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ನಗು ತಡೆದುಕೊಂಡದ್ದನ್ನು ನೋಡಿದರೆ ಆ ಮನೆಯಲ್ಲಿ ಇದು ನನಗೊಬ್ಬನಿಗೇ ಗೊತ್ತಿರದ ಸಂಗತಿ.

ಮಧ್ಯಾಹ್ನದ ಊಟದ ಹೊತ್ತಿಗೆ ಗುರುಬಸಮ್ಮನವರು ಈ ಚೀಲವನ್ನು ತಾವೇ ಹೊಲಿದು, ಬೀಜ ತುಂಬಿ, ಬಾಯಿ ಕಟ್ಟಿ ಮುಗಿಸಿದ್ದರು. ಓಬುಳರೆಡ್ಡಿಯೂ ಬಂದು ನಮ್ಮ ಜೊತೆ ಊಟಕ್ಕೆ ಕೂತ. ಕೀಲಿಯ ಎಂಜಿನ್ನಿನ ಆಯುಸ್ಸು ಒಂದು ಸಲ ಕೊಟ್ಟ ಕೀಲಿಗೆ ಇಷ್ಟೇ ಎಂದು ಇರುತ್ತದೆ. ಬರಿಯ ಡಬ್ಬಿಗಳನ್ನು ಎಳೆದುಕೊಂಡು ಏರು ಹತ್ತುವಾಗಲೇ ಅದು ಏದುಸಿರು ಬಿಡುತ್ತಿತ್ತು. ಈಗ ಈ ಭಾರ ಬೇರೆ. ಮೇಲಾಗಿ ಆ ಏರು ನನ್ನ ಸೂತ್ರದ ಕೂಸು. ಕೈತೊಳೆಯುವಾಗ ನಾನು ರುದ್ರಪ್ಪನನ್ನು ಪಕ್ಕಕ್ಕೆ ಕರೆದು, ಇವತ್ತೊಂದು ದಿನ ಸಿಗ್ನಲ್ಲನ್ನು ಮೊದಲೇ ಇಳಿಸಿಟ್ಟುಬಿಡೋಣ, ಮೊಳೆಯ ತಂಟೆ ತಪ್ಪುತ್ತದೆ ಎಂದೆ. ಅವನು ತಲೆಯೆತ್ತಲಿಲ್ಲ.

"ಗಾಡಿ ಪೆನುಕೊಂಡ ಬಿಟ್ಮೇಲೆ ಸಿಗ್ನಲ್ ಬೀಳ್ಬೇಕು ಮೇಷ್ಟ್ರೇ. ಮೊದ್ಲೇ ಬಿದ್ದಿದ್ರೆ ಅದು ರೈಲಲ್ಲ. ಅಮ್ಮನ್ನ ಗೆಲ್ಬೋದು, ಆಮೇಲೆ ಆ ಕೋಣೇಗೆ ನಾನು ಯಾವ ಮಖ ಇಟ್ಕೊಂಡು ಹೋಗ್ಲಿ?"

ಸಿಗ್ನಲ್ಲಿನ ದಾರ ಓಬುಳರೆಡ್ಡಿಯ ಕೈಗೆ ಬಂತು. ಬೆಕ್ಕನ್ನು ಅಡಿಗೆಮನೆಗೆ ಕಳಿಸಿ ಬಾಗಿಲು ಹಾಕಲಾಯಿತು. ಗುರುಬಸಮ್ಮನವರು ಮಣೆ ಹಾಕಿಕೊಂಡು ಹಿಂದೂಪುರದ ಬಳಿ ಕೂತರು. ರುದ್ರಪ್ಪ ಕೀಲಿ ಕೊಟ್ಟ. ಎಂಜಿನ್ನಿನೊಳಗೆ ಚಕ್ರದ ಹಲ್ಲುಗಳು ಒಂದೊಂದಾಗಿ ಕಚ್ಚುವ ಸದ್ದು ಕೇಳಿತು. ನಾನು ಎತ್ತಿನ ಕೊರಳಗಂಟೆಯನ್ನು ಬಾರಿಸಿದೆ. ಕಲ್ಯಾಣದುರ್ಗ ಎಂಬ ಊರಿನಿಂದ ಮೊಟ್ಟಮೊದಲ ಗೂಡ್ಸ್ ಗಾಡಿ, ಹಸಿರು ಚೀಲವನ್ನು ಹೊತ್ತು, ಹೊರಟಿತು.

ಬಯಲಲ್ಲಿ ಸುಖವಾಗಿ ಓಡಿತು. ಪೆನುಕೊಂಡದ ಕೋಟೆಯ ಬುಡದಲ್ಲಿ ತಿರುವು ತೆಗೆದುಕೊಂಡಾಗ ಚೀಲ ಓಲಾಡಿತು, ಬೀಳಲಿಲ್ಲ. ಏರು ಬಂತು. ಗಾಲಿಗಳ ಸದ್ದು ಒಡೆದು ಬಿಡಿಬಿಡಿಯಾಯಿತು. ನಡುವೆ ಒಂದು ಕಡೆ ಎಂಜಿನ್ನು ನಿಂತೇಬಿಟ್ಟಿತೆನ್ನುವಷ್ಟು ನಿಧಾನವಾದಾಗ ರುದ್ರಪ್ಪನ ಭುಜ ತಾನಾಗಿ ಮುಂದೆ ಬಾಗಿದ್ದನ್ನು ಕಂಡೆ, ಗಾಳಿಯಲ್ಲಿ ತಳ್ಳುವವನ ಹಾಗೆ. ಕೈಗಳನ್ನು ಮಾತ್ರ ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಓಬುಳರೆಡ್ಡಿ ತೆಲುಗಿನಲ್ಲಿ ತನ್ನ ಮನೆದೇವರನ್ನು ಕರೆಯುತ್ತಿದ್ದ. ಎಂಜಿನ್ನು ನಡುಗಿತು, ಒಂದು ಹಲ್ಲು ಜಾರಿತು, ಹಿಡಿಯಿತು, ಏರಿತು. ತುದಿ ದಾಟಿ, ಹಿಂದೂಪುರದ ಹುಣಸೆಮರಗಳು ಎದುರಿಗೆ ಕಾಣುವಲ್ಲಿಗೆ ಬಂದು, ಟಕ್ಕೆಂದು ನಿಂತಿತು.

ಔಟರ್ ಸಿಗ್ನಲ್ಲು ಅಡ್ಡವಾಗಿತ್ತು. ದಾರ ಓಬುಳರೆಡ್ಡಿಯ ಕೈಯಲ್ಲಿ ಹಾಗೆಯೇ ಇತ್ತು. ಏರು ನೋಡುತ್ತ ಅವನೂ ನಮ್ಮ ಹಾಗೆ ಲೋಕ ಮರೆತಿದ್ದ. ಈಗ ಎಳೆದ, ಕೈ ಕೆಳಗಾಯಿತು, ಮೊಳೆ ಒಳಗೆ ಹೋಯಿತು, ದಾರಿ ತೆರವಾಯಿತು. ಎಂಜಿನ್ನಿನ ಹೊಟ್ಟೆಯಲ್ಲಿ ಸ್ಪ್ರಿಂಗು ಇನ್ನೂ ಬಿಗಿಯಾಗಿಯೇ ಇತ್ತು. ಬೇಕಾಗಿದ್ದದ್ದು ಒಂದು ಬೆರಳು, ಅದೂ ಸೋಕಿದರೆ ಸಾಕು. ಆ ಬೆರಳನ್ನು ಇಡುವ ಹಾಗಿರಲಿಲ್ಲ.

ಗಾಡಿ ನಿಂತದ್ದು ಸೋತಲ್ಲ, ತಡೆದದ್ದರಿಂದ. ರೈಲ್ವೆಯ ಮಾತಿನಲ್ಲಿ ಇದು ಡಿಟೆನ್ಷನ್ ಎಂದು ನಾನು ವಾದ ಹೂಡಿದೆ. ಹಿಂದೂಪುರಕ್ಕೆ ಬರುವ ಯಾವ ಗಾಡಿ ತಾನೇ ಔಟರ್‌ನಲ್ಲಿ ನಿಲ್ಲುವುದಿಲ್ಲ ಎಂದೂ ಕೇಳಿದೆ. ನ್ಯಾಯಸ್ಥಾನ ಮಣೆಯನ್ನು ಹಳಿಯ ಹತ್ತಿರಕ್ಕೆ ಎಳೆದುಕೊಂಡಿತು. ಗುರುಬಸಮ್ಮನವರು ಬಾಗಿ, ನಿಂತ ಗಾಡಿಯನ್ನು, ಎದುರಿಗಿದ್ದ ಹುಣಸೆಮರಗಳನ್ನು, ಅವುಗಳಾಚೆ ಕೈಗೆ ಸಿಗುವಷ್ಟು ಹತ್ತಿರದಲ್ಲಿದ್ದ ಸ್ಟೇಷನ್ನನ್ನು ನೋಡಿದರು.

"ದಿಟ," ಎಂದರು. "ಇಲ್ಲೇ ನಿಂತಿತ್ತು. ಧರ್ಮಾವರದಲ್ಲಿ ರೈಲು ಹತ್ತಿ ನೆಂಟ್ರ ಮದುವೆಗೆ ಬರೋವಾಗ. ಈ ರುದ್ರ ಕಂಕುಳಲ್ಲಿದ್ದ. ಬಿಸ್ಲು. ಊರು ಕಾಣ್ತೈತೆ, ರೈಲು ಹೋಗಾಕಿಲ್ಲ. ಇಳ್ದು ನಡ್ಕೊಂಡು ಹೋಗ್ಬುಟ್ಟೆ."

ಹಾಗೆಂದವರೇ ಕೈಚಾಚಿ, ಎಂಜಿನ್ನನ್ನು ಮುಟ್ಟದೆ, ಚೀಲವನ್ನು ಮಾತ್ರ ಡಬ್ಬಿಯಿಂದ ಇಳಿಸಿಕೊಂಡರು. ಎರಡು ಬೆರಳುಗಳ ನಡುವೆ ಹಿಡಿದು, ಹಳಿಯ ಪಕ್ಕದ ಕಡಲೆಸಿಪ್ಪೆಯ ನೆಲದ ಮೇಲೆ, ಮೆಲ್ಲಗೆ, ಗಂಟು ಹೊತ್ತ ಹೆಂಗಸೊಬ್ಬಳು ನಡೆಯುವಷ್ಟೇ ನಿಧಾನವಾಗಿ ಅದನ್ನು ನಡೆಸಿಕೊಂಡು ಹೋಗಿ ಹಿಂದೂಪುರದ ಪ್ಲಾಟ್‌ಫಾರಂ ಮೇಲೆ ಇಟ್ಟರು.

"ಮಾಲು ಊರು ಮುಟ್ತು," ಎಂದರು ಮಣೆಯಿಂದೇಳುತ್ತ. "ರೈಲು ಮುಟ್ಲಿಲ್ಲ ಕಣಪ್ಪ."

ಇದಕ್ಕೆ ಅಪೀಲಿರಲಿಲ್ಲ. ರುದ್ರಪ್ಪ ಆಗಲಿ ಎಂದ. ಓಬುಳರೆಡ್ಡಿಯನ್ನು ಅವನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಓಬುಳರೆಡ್ಡಿಗೆ ಹಗುರವಾಗುತ್ತಿತ್ತು. ಹಿಂದೂಪುರದ ತುದಿಯಿಂದ ಮೂವರೂ ಹಳಿ ಕೀಳುತ್ತ ಬಂದೆವು. ಪೆನುಕೊಂಡದ ಕೋಟೆ ಹಿತ್ತಲಿಗೆ ಹೋಯಿತು. ಕಲ್ಯಾಣದುರ್ಗವನ್ನು ರುದ್ರಪ್ಪ ಮತ್ತೆ ಪಂಚೆಯಲ್ಲಿ ಸುತ್ತತೊಡಗಿದಾಗ ಅವನ ತಾಯಿ ಪಡಸಾಲೆಯಿಂದಲೇ, ತಿರುಗಿ ನೋಡದೆ, "ಅದನ್ನ ಟ್ರಂಕಿಗಿಕ್ಬ್ಯಾಡ ಕಣ್ಲಾ, ಗೂಡಲ್ಲಿಕ್ಕು," ಎಂದರು.

ಮಿತ್ರರೇ, ದೊಡ್ಡದನ್ನು ಚಿಕ್ಕದಾಗಿ ಮಾಡಿಕೊಳ್ಳುವ ಈ ಚಪಲ ಮನುಷ್ಯನಿಗೆ ಏಕೆ ಬಂತೋ ಎಂದು ನಾನು ಬಹಳ ಯೋಚಿಸಿದ್ದೇನೆ. ದೊಡ್ಡ ರೈಲು ನಮ್ಮ ಮಾತು ಕೇಳುವುದಿಲ್ಲ, ಚಿಕ್ಕದು ಕೇಳುತ್ತದೆ ಎಂದು ಮೊದಲು ಅಂದುಕೊಂಡಿದ್ದೆ. ಆ ಮಧ್ಯಾಹ್ನದ ಮೇಲೆ ಹಾಗೆ ಅನ್ನಿಸಲಿಲ್ಲ. ನಮ್ಮ ಚಿಕ್ಕ ರೈಲು ನಮ್ಮ ಮಾತನ್ನು ಅಕ್ಷರಶಃ ಕೇಳಿತು. ನಿಲ್ಲೆಂದು ನಾವೇ ನೆಟ್ಟ ಮೊಳೆಯ ಮುಂದೆ ನಿಂತಿತು. ಅದಕ್ಕಿಂತ ವಿಧೇಯವಾಗಿ ಯಾವ ರೈಲೂ ಯಾರನ್ನೂ ಕೈಬಿಟ್ಟಿರಲಾರದು. ಭೂಮಿಯ ಮೇಲಿದ್ದ ಊರುಗಳನ್ನೆಲ್ಲ ಅಂದು ನಾವು ಕಿತ್ತು ಗಂಟುಕಟ್ಟಿದೆವು. ಭೂಮಿಯ ಮೇಲೆ ಇಲ್ಲದ ಒಂದೇ ಒಂದು ಸ್ಟೇಷನ್ನು ಉಳಿಯಿತು, ವಿಭೂತಿ ಗಟ್ಟಿಯ ಪಕ್ಕದ ಗೂಡಿನಲ್ಲಿ, ಹಳಿಯಿಲ್ಲದೆ, ಬೆಂಚಿನ ಮೇಲೆ ಗಂಟನ್ನಿಟ್ಟುಕೊಂಡು. ನನ್ನ ಸೂತ್ರದ ಬಗ್ಗೆ ನಾನು ಆಮೇಲೆ ಯಾರ ಬಳಿಯೂ ಮಾತಾಡಿಲ್ಲ.

ಚೀಲವನ್ನು ಈಗ ಕೈಯಲ್ಲಿಟ್ಟು ನೋಡುತ್ತಿದ್ದೇನೆ. ಹೊರಡುವಾಗ ಗುರುಬಸಮ್ಮನವರು ಇದನ್ನು ನನ್ನ ಕೈಗಿಟ್ಟು, ಹಿಂದೂಪುರದ ಮಾಲು ಹಿಂದೂಪುರದವರೇ ತಗೊಂಡು ಹೋಗಲಿ ಎಂದಿದ್ದರು. ಮೊದಮೊದಲು ಇದು ನನಗೆ ಸೋಲಿನ ಗುರುತಾಗಿ ಕಾಣುತ್ತಿತ್ತು. ಈಗ ಇದು ಬರಿಯ ಸರಕು. ಕಳಿಸಿದವರು ಇಂಥವರು, ಸೇರಬೇಕಾದ ಊರು ಇದು, ಒಂದು ಬೀಜವೂ ದಾರಿಯಲ್ಲಿ ಚೆಲ್ಲಲಿಲ್ಲ.

ಮರುದಿನ ಕಾಯಿ ಬಂದು ಕೋಣೆ ತುಂಬಿತು. ಚೀಲ ಅದರ ಹಿಂದಿನ ಸಂಜೆಯೇ ಬಸ್ಸಿನಲ್ಲಿ ಹಿಂದೂಪುರ ಸೇರಿತ್ತು.