ಅವ್ವ ಬೆಳಗಿದ ಮೈಕಿನ ಪಿನ್ನು

ಬೆಳಿಗ್ಗೆ ಸ್ಪೀಕರ್ ಕರಕರ ಅಂತು. ವೈರ್ ಕಿತ್ತು ನೋಡಿದರೆ ಪಿನ್ನಿನ ಸುತ್ತ ಹಸಿರು ಕಿಲುಬು. ಅದನ್ನು ಕಂಡಿದ್ದೇ ಬಿ.ಜಿ. ಕೆರೆಯ ನಮ್ಮ ಹಳೇ ಪಡಸಾಲೆ ನೆನಪಾಯಿತು.

ಅಪ್ಪ ಮದುವೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ. ಒಮ್ಮೆ ಚಳ್ಳಕೆರೆಯಿಂದ ದಪ್ಪನೆಯ ಹೊಸ ವೈರ್ ತಂದು ಕಂಡವರಿಗೆಲ್ಲ ತೋರಿಸಿದ್ದ. ಅವನಿಗೆ ಖುಷಿಯಾಗಲಿ ಅಂತ ಅವ್ವ, ಹಿತ್ತಾಳೆ ಪಾತ್ರೆ ಬೆಳಗುವಾಗ ಆ ವೈರಿನ ಪಿನ್ನುಗಳನ್ನೂ ಉಪ್ಪು, ಹುಣಸೆಹುಳಿ ಹಚ್ಚಿ ತಿಕ್ಕಿದಳು. ಫಳಫಳ ಹೊಳೆದವು. ಹುಳಿ ಸಂದಿಯಲ್ಲೇ ಉಳಿದು ಕಿಲುಬು ಹಿಡಿಸುತ್ತೆ ಅಂತ ಯಾರಿಗೆ ಗೊತ್ತಿತ್ತು?

ಮುಂದಿನ ಮದುವೆ ಮೊಳಕಾಲ್ಮೂರಿನಲ್ಲಿ, ಅಪ್ಪನ ಜೊತೆ ಅವ್ವ, ನಾನೂ ಹೋಗಿದ್ದೆವು. ಮುಯ್ಯಿ ಮಾಡಿದವರ ಹೆಸರು, ಕೊಟ್ಟ ದುಡ್ಡು ಎಲ್ಲ ಮೈಕಿನಲ್ಲಿ ಕೂಗುವುದು ನಮ್ಮ ಕಡೆ ಪದ್ಧತಿ. ಅವತ್ತು ಒಂದು ಹೆಸರೂ ನೆಟ್ಟಗೆ ಕೇಳಲಿಲ್ಲ, ಬರೀ ಕರಕರ. ಹೆಣ್ಣಿನ ಸೋದರಮಾವ ಎದ್ದು ನಿಂತ.

"ಏನಲೇ, ಹೊಸ ವೈರು ಅಂತ ಕೊಚ್ಕೊಂತಿದ್ದೆ? ನಾನು ಮುಯ್ಯಿ ಮಾಡಿದ್ದು ಯಾರಿಗ್ ಕೇಳ್ತು?"

ಊಟಕ್ಕೆ ಕೂತವರೆಲ್ಲ ತಿರುಗಿ ನೋಡಿದರು. ಅಪ್ಪ ಪಿನ್ ಕಿತ್ತ, ಹಸಿರು ನೋಡಿದ, ತಟ್ಟನೆ ಮುಷ್ಟಿಯಲ್ಲಿ ಮುಚ್ಚಿಕೊಂಡ.

"ವೈರೇ ಸರಿ ಇಲ್ರಿ. ತಗಳ್ಳೋವಾಗ ನಾನೇ ಮೋಸ ಹೋದೆ" ಅಂದ.

ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನಗೆ ಎಲೆಯಿಂದ ತಲೆ ಎತ್ತಲಾಗಲಿಲ್ಲ. ಆ ಪಂಕ್ತಿ ನೆನೆದರೆ ಈಗಲೂ ಮುಖ ಬಿಸಿಯಾಗುತ್ತೆ. ಮನೆಗೆ ಬಂದ ಮೇಲೂ ಅಪ್ಪ ಅವ್ವನಿಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತೇನೋ, ಅವತ್ತಿನಿಂದ ಅವ್ವ ವೈರು ದಾಟುವಾಗಲೂ ಸೀರೆ ಎತ್ತಿ ಹಿಡಿಯುತ್ತಿದ್ದಳು.

ಅಪ್ಪ ಹೋಗಿ ಎಷ್ಟೋ ಕಾಲವಾಯಿತು. ಇವತ್ತು ನಾನು ಸುಮ್ಮನೆ ಪಿನ್ ಒರೆಸುತ್ತಾ ಕೂತಿದ್ದೆ. ಅವ್ವನನ್ನು ಏನೂ ಕೇಳಿರಲಿಲ್ಲ. ಅಡುಗೆಮನೆಯಿಂದ ಅವ್ವನ ದನಿ ಬಂತು:

"ನಾನೇನೂ ಮುಟ್ಟಿಲ್ಲ ಕಣಪ್ಪ."