ನಡುವೆ ಕೂಗಬಾರದು

ಗಾಜು ಕೊಯ್ಯುವವನ ಹೆಂಡತಿಗೆ ಆ ಸಂಜೆ ಎಲ್ಲ ಸಂಜೆಯ ಹಾಗೇ ಇತ್ತು. ಅಂಗಡಿಯ ಹಿಂದಿನ ಕೋಣೆಯೇ ಮನೆ. ಮಗಳು ಸ್ಕೂಲಿನಿಂದ ಬಂದವಳು ಬಾಗಿಲಲ್ಲೇ ನಿಂತಳು. ಅಪ್ಪ ಮೇಜಿನ ಮೇಲೆ ದೊಡ್ಡ ಗಾಜು ಹಾಸಿಕೊಂಡು ಗೀರು ಎಳೆಯುತ್ತಿದ್ದ. ಗೀರು ಮುಗಿಯುವವರೆಗೆ ಅವನನ್ನು ಯಾರೂ ಕೂಗುವ ಹಾಗಿಲ್ಲ. ಕೂಗಿದರೆ ಕೈ ಅಲ್ಲಾಡುತ್ತೆ, ಗಾಜು ಹಾಳು. ನಡೆಯೋಕೆ ಕಲಿಯುವ ಮೊದಲೇ ಆ ಹುಡುಗಿ ಇದನ್ನು ಕಲಿತಿದ್ದಳು. ಗಾಜು ಟಕ್ಕೆಂದು ಎರಡಾದ ಮೇಲೇ ಬಾಯಿ ಬಿಟ್ಟಳು.

"ಅಪ್ಪಾ, ಹಸಿವು."

"ನನ್ನ ತಲೆ ತಿನ್ನು. ನಿಮ್ಮಮ್ಮ ಅರ್ಧ ಉಳಿಸಿದ್ದಾಳೆ."

"ಅದ್ರಲ್ಲಿ ತಿನ್ನೋಕೆ ಏನಿತ್ತು?" ಅಂದಳು ಹೆಂಡತಿ ಒಳಗಿಂದ. ಅಪ್ಪ ಮಗಳು ನಕ್ಕರು.

ಮಾರನೇ ದಿನ ಮಗಳು ಪರೀಕ್ಷೆಗೆ ಹೋದ ಮೇಲೆ ಅವನು ಎದೆ ಹಿಡಿದುಕೊಂಡು ಮೇಜಿನ ಪಕ್ಕ ಕುಸಿದ. ಆಸ್ಪತ್ರೆಯಲ್ಲಿ ನಾದಿನಿ ಕೇಳಿದಳು, "ಅತ್ತಿಗೆ, ಹುಡುಗೀನ ಕರ್ಕೊಂಡು ಬರ್ಲಾ?"

"ಬರೀತಿದ್ದಾಳೆ. ನಡುವೆ ಕೂಗೋದು ಬೇಡ. ಮುಗಿಸಿ ಬರ್ಲಿ."

ಅವನು ಕಣ್ಣು ಬಿಟ್ಟಾಗಲೆಲ್ಲ ಬಾಗಿಲ ಕಡೆ ನೋಡಿ "ಬಂದ್ಲಾ?" ಅಂದ. "ಬರ್ತಾಳೆ" ಅಂದಳು ಹೆಂಡತಿ. ಮಗಳು ಬರುವಷ್ಟರಲ್ಲಿ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು.

ನಾದಿನಿಯ ಬಾಯಲ್ಲಿ ಏನೂ ನಿಲ್ಲುವುದಿಲ್ಲ. ಅಪ್ಪ ಕೇಳಿದ್ದು, ಅಮ್ಮ ಬೇಡ ಅಂದಿದ್ದು, ಎಲ್ಲ ಹೇಳಿಬಿಟ್ಟಳು. ಹುಡುಗಿ ಅಳಲಿಲ್ಲ. ತಾಯಿಯನ್ನು ನೋಡಿ ಮೆಲ್ಲಗೆ ಅಂದಳು, "ನಾನೇನು ಗಾಜು ಕೊಯ್ತಿದ್ನಾ ಅಮ್ಮ?"

ಆಮೇಲೆ ಮಾತಿಲ್ಲ. ಹೂಂ, ಉಹೂಂ, ಅಷ್ಟೆ. ತಾಯಿ ತಪ್ಪಾಯ್ತು ಅಂದಳು. ಹುಡುಗಿ ಎದ್ದು ಹೋದಳು. ತಾಯಿ ಬೈದಳು. ಗೋಡೆಗೆ ಬೈದ ಹಾಗಾಯಿತು. ತಾಯಿ ಪಕ್ಕದಲ್ಲಿ ಮಲಗಿದರೆ ಹುಡುಗಿ ಚಾಪೆ ಎತ್ತಿಕೊಂಡು ಹೋಗಿ ಅಂಗಡಿಯ ಮೇಜಿನ ಕೆಳಗೆ ಮಲಗಿದಳು.

"ಚಿಕ್ಕ ವಯಸ್ಸು, ಮರೀತಾಳೆ ಬಿಡಿ ಅತ್ತಿಗೆ" ಅಂದಳು ನಾದಿನಿ.

"ಮರೆಯೋಕೆ ಅದೇನು ಕೊಡೆನಾ?"

ಕೊನೆಗೆ ತಾಯಿ ಸ್ಕೂಲಿನ ಟೀಚರ್ ಹತ್ತಿರ ಹೋದಳು. "ಅವಳನ್ನ ಏನೂ ಕೇಳ್ಬೇಡಿ" ಅಂದರು ಅವರು. "ದಿನಾ ಒಂದು ಕೆಲಸ ಅವಳಿಗೋಸ್ಕರ ಮಾಡಿ, ತಪ್ಪಿಸ್ಬೇಡಿ. ಮಾತು ಬರೋವಾಗ ಬರುತ್ತೆ."

"ಬರ್ದೇ ಹೋದ್ರೆ?"

ಟೀಚರ್ ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

ವರ್ಷ ಕಳೆಯಿತು. ಮಾತು ಬರಲಿಲ್ಲ. ಸ್ಕೂಲು ಮುಗಿದ ಮೇಲೆ ಹಾಸ್ಟೆಲಿಗೆ ಹೋಗ್ತೀನಿ ಅಂತ ಹುಡುಗಿ ಅತ್ತೆಗೆ ಹೇಳಿದ್ದಾಳೆ. ತಾಯಿಗೆ ಅದು ತಿಳಿದದ್ದು ನಾದಿನಿಯಿಂದಲೇ.

ಈಗಲೂ ದಿನಾ ಬೆಳಗ್ಗೆ ಎದ್ದ ಕೂಡಲೇ ತಾಯಿ ಬಾಚಣಿಗೆ ಹಿಡಿದು ಬೆಳಕಿರುವ ಕಡೆ ಕೂರುತ್ತಾಳೆ. ಮಗಳು ಬಂದು ಬೆನ್ನು ಕೊಟ್ಟು ಕೂರುತ್ತಾಳೆ. ಒಬ್ಬಳೇ ಹೆಣೆದುಕೊಳ್ಳಲಾರದಷ್ಟು ಕೂದಲು. ಅದಕ್ಕೇ ಬರುತ್ತಾಳೆ, ಬೇರೆ ಯಾವುದಕ್ಕೂ ಅಲ್ಲ. ತಾಯಿ ಸಿಕ್ಕು ಬಿಡಿಸಿ, ಸಂಜೆವರೆಗೆ ಬಿಚ್ಚದ ಹಾಗೆ ಬಿಗಿಯಾಗಿ ಹೆಣೆಯುತ್ತಾಳೆ. ಎಳೆದರೆ ನೋಯುತ್ತೆ, ಆದರೂ ಹುಡುಗಿ ಹಾ ಅನ್ನುವುದಿಲ್ಲ. ರಬ್ಬರ್ ಬ್ಯಾಂಡ್ ಹಾಕಿದ್ದೇ ತಡ ಎದ್ದು ಹೋಗುತ್ತಾಳೆ. ತಾಯಿ ಬಾಚಣಿಗೆಯಲ್ಲಿ ಉಳಿದ ಕೂದಲನ್ನು ತೆಗೆದು, ಬೆರಳಿಗೆ ಸುತ್ತಿ, ಕಸದ ಬುಟ್ಟಿಗೆ ಹಾಕುತ್ತಾಳೆ.