ಇನ್ನೂರು ಗ್ರಾಂ ಸುಣ್ಣ

ನಮ್ಮ ಭಾವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದನ್ನು ಹೊಗಳಿಕೆ ಎಂದುಕೊಳ್ಳಬೇಡಿ. ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಅಡುಗೆ ಬರುವುದಿಲ್ಲ, ಇವರಿಗೆ ಸುಳ್ಳು ಬರುತ್ತಿರಲಿಲ್ಲ, ಅಷ್ಟೇ. ಅದರಿಂದ ಹನ್ನೊಂದು ಜನ ಕೆಲಸ ಕಳೆದುಕೊಂಡೆವು. ಆ ಹನ್ನೊಂದರಲ್ಲಿ ನಾನೂ ಒಬ್ಬಳು.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೂವತ್ತು ವರ್ಷ ಸುಣ್ಣದ ಭಟ್ಟಿಯಲ್ಲಿ ಕಲ್ಲು ಸುಟ್ಟವರು. ಹುಬ್ಬು ಅರ್ಧ ಸುಟ್ಟುಹೋಗಿತ್ತು, ಕೆಮ್ಮು ಮಾತ್ರ ಪೂರ್ತಿ ಇತ್ತು. ಭಟ್ಟಿ ಮುಚ್ಚಿದಾಗ ನಾನೇ ನಮ್ಮ ಪ್ರಯೋಗಾಲಯದ ಮೇಡಂಗೆ ಹೇಳಿ ಅವರನ್ನು ಕೆಲಸಕ್ಕೆ ಸೇರಿಸಿದೆ. ನಾನು ಅಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಸುಣ್ಣಕ್ಕೆ ಹೆದರದ ಮನುಷ್ಯ ಯಾರಾದರೂ ಸಿಕ್ಕಿಯಾರೇ ಎಂದು ಮೇಡಂ ಹುಡುಕುತ್ತಲೇ ಇದ್ದರು.

ಅಲ್ಲಿಯ ಕೆಲಸವೇ ಸುಣ್ಣದ್ದು. ಬಿಸಿಲು, ಗಾಳಿ ಚೆನ್ನಾಗಿದ್ದ ದಿನ ಮಿಕ್ಕ ಕರೆಂಟಿನಿಂದ ಕುಲುಮೆ ಕಾಯಿಸಿ, ನೀರು ಕುಡಿದು ಅರಳಿದ ಸುಣ್ಣದೊಳಗಿನ ನೀರನ್ನೆಲ್ಲ ಓಡಿಸುವುದು. ಹಾಗೆ ಸುಟ್ಟ ಸುಣ್ಣದಲ್ಲಿ ಆ ಕಾವು ಅಡಗಿ ಕೂರುತ್ತದೆ. ತಿಂಗಳಾಗಲಿ, ವರ್ಷವಾಗಲಿ, ಮುಟ್ಟಿದರೆ ತಣ್ಣಗೇ ಇರುತ್ತದೆ. ಬೇಕಾದಾಗ ನೀರು ಚಿಮುಕಿಸಿದರೆ ಬುಸ್ಸೆಂದು ಕಾವು ಹೊರಗೆ ಬರುತ್ತದೆ. ಮತ್ತೆ ಸುಡು, ಮತ್ತೆ ಅರಳಿಸು. ಕೇಳಲು ಎಷ್ಟು ಸುಲಭ! ಆದರೆ ಎಪ್ಪತ್ತು ಸುತ್ತು ದಾಟುವಷ್ಟರಲ್ಲಿ ಆ ಹಾಳು ಸುಣ್ಣ ಹಿಟ್ಟಾಗಿ ಕೊಳವೆಗಳಿಗೆ ಮೆತ್ತಿಕೊಳ್ಳುತ್ತಿತ್ತು. ಮೇಡಂ ಎಂಟು ವರ್ಷ ಅದಕ್ಕೆ ಏನೇನೋ ಬೆರೆಸಿ, ಹೆಬ್ಬೆರಳಿನ ಉಗುರಿನ ಗಾತ್ರದ ಉಂಡೆ ಕಟ್ಟಿಸಿದ್ದರು. ಉಂಡೆ ಒಡೆಯದೆ ಮುನ್ನೂರು ಸುತ್ತು ತಾಳಿದರೆ ಹೆರಿಗೆ ಆಸ್ಪತ್ರೆಯ ಹಿತ್ತಲಲ್ಲಿ ಉಂಡೆ ತುಂಬುವ ದೊಡ್ಡ ತೊಟ್ಟಿ ಕಟ್ಟುವುದೆಂದೂ, ಗಾಳಿ ಬಿಸಿಲು ಎರಡೂ ಇಲ್ಲದ ಚಳಿಯ ದಿನಗಳಲ್ಲಿ ಎಳೆಗೂಸುಗಳ ಕೋಣೆಯನ್ನು ಅದರಿಂದಲೇ ಬೆಚ್ಚಗಿಡುವುದೆಂದೂ ತೀರ್ಮಾನವಾಗಿತ್ತು.

ನನ್ನ ಸ್ಟೋರಿಗೆ ಬಿಸಿಲೇ ಬರುತ್ತಿರಲಿಲ್ಲ. ಚಳಿ ಬಂತೆಂದರೆ ನನ್ನ ಬೆರಳ ಗೆಣ್ಣುಗಳು ಊದಿಕೊಂಡು ಬೀಗದಕೈ ತಿರುಗಿಸಲೂ ಆಗುತ್ತಿರಲಿಲ್ಲ. ಭಾವ ಬೆಳಿಗ್ಗೆ ಬಂದವರೇ ಕಬ್ಬಿಣದ ಬಟ್ಟಲಿಗೆ ನಾಲ್ಕು ಉಂಡೆ ಹಾಕಿ, ನೀರು ಚಿಮುಕಿಸಿ, ಬಟ್ಟೆ ಸುತ್ತಿ ಕೊಡುತ್ತಿದ್ದರು.

"ಹಿಡ್ಕೋ ಪುಟ್ಟಿ. ನಿನ್ನ ಬಾಯಿಯಷ್ಟು ಬಿಸಿ ಇಲ್ಲ, ಆದ್ರೂ ಪರವಾಗಿಲ್ಲ."

"ನಿಮ್ಮ ಜೋಕಿಗೆ ನಗೋರು ಇಲ್ಲಿ ಯಾರೂ ಇಲ್ಲ ಭಾವ, ಹೋಗಿ ಕೆಲಸ ನೋಡಿ."

"ಹೋಗ್ತೀನಿ. ಉಂಡೆ ಡಬ್ಬದ ಮುಚ್ಚಳ ಬಿಗಿ ಮಾಡು. ಗಾಳಿಯಲ್ಲಿರೋ ತೇವ ಕುಡಿದ್ರೂ ಸಾಕು, ಸುಣ್ಣ ಸತ್ತಹಾಗೆ."

ದಿನಾ ಇದೇ ಮಾತು. ಹತ್ತು ವರ್ಷ ಸ್ಟೋರ್ ನೋಡಿಕೊಂಡವಳಿಗೆ ಇವರ ಪಾಠ! ಹೋಗುವಾಗ ಒಂದು ಹಿಡಿ ಹೊಸ ಉಂಡೆ ಕೇಳುತ್ತಿದ್ದರು. ನನ್ನ ಕೈ ಕಾಯಿಸಲಿಕ್ಕೇ ಇರಬೇಕೆಂದು ಕೇಳಿದಷ್ಟು ಕೊಡುತ್ತಿದ್ದೆ.

ಒಂದೊಂದು ಬೆರಕೆಯ ಉಂಡೆಗೆ ಒಂದೊಂದು ಪರೀಕ್ಷೆಯ ತಟ್ಟೆ, ಅದರಲ್ಲಿ ಒಂದು ಭಾವನ ಕೈಯಲ್ಲಿತ್ತು. ಗೋಡೆಯ ಮೇಲೆ ಒಂದು ಚೀಟಿ ಅಂಟಿಸಿದ್ದರು: "ಪ್ರತಿ ಸುತ್ತಿನ ಕೊನೆಗೆ ತಟ್ಟೆಯಲ್ಲಿ ಇನ್ನೂರು ಗ್ರಾಂ ಗಟ್ಟಿ ಉಂಡೆ ಇರಬೇಕು. ತೂಗಿ ಬರೆಯಿರಿ." ಬೇರೆಯವರ ತಟ್ಟೆಗಳು ನೂರಾ ಎಂಬತ್ತು, ನೂರಾ ನಲವತ್ತು ಎಂದು ಇಳಿದವು. ಭಾವನ ಪುಸ್ತಕದಲ್ಲಿ ಏಳು ತಿಂಗಳು ಒಂದೇ ಅಂಕಿ, ಇನ್ನೂರು. ಮುನ್ನೂರನೇ ಸುತ್ತು ಮುಗಿದ ದಿನ ಮೇಡಂ ಭಾವನ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟರು. ಆಸ್ಪತ್ರೆಯ ಹಿತ್ತಲಲ್ಲಿ ತೊಟ್ಟಿಯ ಕೆಲಸ ಶುರುವಾಯಿತು.

ಒಂದು ರಜಾದಿನ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ನಾನು ಸುಮ್ಮನಿರಲಾರದೆ ಕೆಣಕಿದೆ.

"ಅಲ್ಲ ಭಾವ, ಎಲ್ಲರ ಉಂಡೆ ಒಡೆದರೂ ನಿಮ್ಮದು ಒಡೀಲಿಲ್ವಲ್ಲ, ಏನು ಮಂತ್ರ ಹಾಕಿದ್ರಿ?"

"ಒಡೀತಿತ್ತಮ್ಮ, ಒಡೀದೆ ಏನು? ಒಡೆದದ್ದನ್ನ ಆರಿಸಿ ತೆಗೆದು ಅಷ್ಟೇ ತೂಕದ ಹೊಸದು ಇಡ್ತಿದ್ದೆ. ಭಟ್ಟೀಲಿ ನಮ್ಮ ಮೇಸ್ತ್ರಿ ಹಾಗೇ ಕಲಿಸಿದ್ದು, ಕಮ್ಮಿ ತೂಕ ಬಿಟ್ಟು ಎದ್ದು ಹೋಗಬಾರದು ಅಂತ. ಗೋಡೆ ಮೇಲೂ ಬರೆದಿತ್ತಲ್ಲ, ಇನ್ನೂರು ಇರಬೇಕು ಅಂತ."

ತುತ್ತನ್ನು ತಟ್ಟೆಗೆ ಹಾಕಿದೆ. ನನ್ನ ಕೈಯಾರೆ ಕೊಟ್ಟ ಉಂಡೆಗಳು! ಆ ಚೀಟಿಯ ಅರ್ಥ ಅದಲ್ಲ, ಎಷ್ಟು ಒಡೆಯುತ್ತದೆ ಎಂದು ನೋಡುವುದೇ ಪರೀಕ್ಷೆ ಎಂದು ನಾನು ಬಿಡಿಸಿ ಹೇಳಿದೆ. ಕೇಳುತ್ತ ಕೇಳುತ್ತ ಅವರ ಮುಖ ಬಿಳಿಚಿಕೊಂಡಿತು.

"ಹಾಗಾದ್ರೆ ಆ ಉಂಡೆ ತಾಳಲ್ವಾ?"

"ಇಲ್ಲ."

"ಕೂಸುಗಳ ಕೋಣೆ?"

"ನೋಡಿ ಭಾವ, ದಮ್ಮಯ್ಯ, ಬಾಯಿ ಮುಚ್ಚಿಕೊಂಡಿರಿ. ಕೆಟ್ಟಾಗ ಅವರೇ ಏನಾದ್ರೂ ಮಾಡ್ಕೋತಾರೆ. ನೀವು ಬಾಯಿ ಬಿಟ್ರೆ ನಮ್ಮೆಲ್ಲರ ಅನ್ನಕ್ಕೆ ಕಲ್ಲು ಬೀಳುತ್ತೆ."

ಅಕ್ಕ ನೀರು ತರುವ ನೆಪದಲ್ಲಿ ಎದ್ದುಹೋದಳು.

ಭಾವ ಒಂಬತ್ತು ದಿನ ಸುಮ್ಮನಿದ್ದರು. ಸರಿಯಾಗಿ ಉಣ್ಣಲಿಲ್ಲವಂತೆ. ಹತ್ತನೇ ದಿನ ಆರು ಬಿಸ್ಕತ್ತಿನ ಡಬ್ಬ ಹೊತ್ತುಕೊಂಡು ನೇರ ಮೇಡಂ ಕೋಣೆಗೆ ಹೋದರು. ಭಟ್ಟಿಯವರು ಸುಟ್ಟ ಸುಣ್ಣವನ್ನು ಬಿಸಾಡುವುದಿಲ್ಲ. ಭಾವ ಒಡೆದ ಚೂರನ್ನೆಲ್ಲ ತಾರೀಕಿನ ಚೀಟಿ ಹಾಕಿ ಪೊಟ್ಟಣ ಕಟ್ಟಿ ಆ ಡಬ್ಬಗಳಲ್ಲಿ ಇಟ್ಟಿದ್ದರು. ನನಗೂ ಕರೆ ಬಂತು. ಮೇಡಂ ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಇಡುತ್ತಿದ್ದರು.

"ಎಪ್ಪತ್ತನೇ ಸುತ್ತಿಗೇ ಶುರುವಾಗಿದೆ, ಯಜಮಾನ್ರೇ."

"ಹೌದು ಮೇಡಂ. ತಪ್ಪಾಯ್ತು."

"ಹೊಸ ಉಂಡೆ ಯಾರು ಕೊಟ್ಟರು?"

ಭಾವ ನನ್ನತ್ತ ನೋಡಲಿಲ್ಲ. "ಯಾರೂ ಕೊಟ್ಟಿಲ್ಲ. ಸ್ಟೋರಲ್ಲಿ ಯಾರೂ ಇಲ್ಲದಾಗ ನಾನೇ ತೊಗೊಂಡೆ" ಎಂದರು. ಕಿವಿ ಕೆಂಪಾಗಿ, ದನಿ ತೊದಲಿ, ಚಿಕ್ಕ ಮಕ್ಕಳೂ ಹಿಡಿದುಬಿಡುವಂಥ ಸುಳ್ಳು. ಮೇಡಂ ನನ್ನ ಸೊಂಟದ ಬೀಗದಕೈ ಗೊಂಚಲನ್ನು ನೋಡಿದರು, ಮತ್ತೊಂದು ಪೊಟ್ಟಣ ಬಿಚ್ಚಿದರು.

ತೊಟ್ಟಿಯ ಕೆಲಸ ನಿಂತಿತು. ಮೂರು ತಿಂಗಳಿಗೆ ಪ್ರಯೋಗಾಲಯವೂ ಮುಚ್ಚಿತು. ನಾನು ಭಾವನ ಜೊತೆ ಮಾತು ಬಿಟ್ಟೆ.

ನನಗಾಗಿ ಸುಳ್ಳು ಹೇಳಿದವರ ಮೇಲೆ ಅದೆಂಥ ಸಿಟ್ಟು ಎಂದು ನೀವು ಕೇಳಬಹುದು. ನನಗೂ ಗೊತ್ತಿಲ್ಲ. ಐವತ್ತು ದಾಟಿದ ಹೆಂಗಸಿಗೆ, ಊದಿದ ಕೈಗೆ ಯಾರು ಕೆಲಸ ಕೊಡುತ್ತಾರೆ? ಒಂದೇ ಕಟ್ಟಡದಲ್ಲಿ ಅವರು ಮೇಲಿನ ಮಹಡಿ, ನಾನು ಅದರ ಕೆಳಗಿನ ಮಹಡಿ. ದಿನಾ ಸಂಜೆ ಆ ಕೆಮ್ಮು ಮೆಟ್ಟಿಲು ಹತ್ತಿಕೊಂಡು ಬಂದು ನನ್ನ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು, ಆಮೇಲೆ ಮೇಲೆ ಹೋಗುತ್ತಿತ್ತು. ನಾನು ಒಳಗೆ ಸೌಟು ಹಿಡಿದು ನಿಂತಿರುತ್ತಿದ್ದೆ. ಒಂದು ಸಲ ಬಾಗಿಲು ತೆಗೆದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಮೊದಲ ಚಳಿಗಾಲದಲ್ಲಿ ಅಕ್ಕ ಒಂದು ಡಬ್ಬ ತಂದಿಟ್ಟಳು. ಮುಚ್ಚಳದ ಸುತ್ತ ಮೇಣ ಹಚ್ಚಿ ಭದ್ರ ಮಾಡಿದ್ದರು. "ನಿನ್ನ ಕೈಗಂತೆ. ಕೊನೇ ಉಂಡೆಗಳಂತೆ, ಅವರೇ ಸುಟ್ಟಿದ್ದು" ಎಂದಳು. ಅವಳು ಹೋದ ಮೇಲೆ, ಒಳಗೆ ಕಾಗದ ಏನಾದರೂ ಬರೆದಿಟ್ಟಿದ್ದಾರೋ ಎಂದು ಮೇಣ ಕಿತ್ತು ನೋಡಿದೆ. ಬರೀ ಸುಣ್ಣ. ಮುಚ್ಚಳವನ್ನು ಅದರ ಮೇಲೆ ಹೇಗೋ ಒತ್ತಿ ಬೀರುವಿನ ಮೇಲಕ್ಕೆ ತಳ್ಳಿದೆ.

ಎರಡನೇ ಚಳಿಗಾಲಕ್ಕೆ ಭಾವನ ಶ್ವಾಸಕೋಶ ಕೈಕೊಟ್ಟಿತು. ಅಕ್ಕ ಆಸ್ಪತ್ರೆಯಿಂದ ಬಂದವಳು, "ಪುಟ್ಟಿ ಡಬ್ಬ ತೆಗೆದಳಾ ಅಂತ ಕೇಳ್ತಿದಾರೆ ಕಣೇ" ಎಂದಳು.

"ಪುರುಸೊತ್ತಾಗಿಲ್ಲ ಅಂತ ಹೇಳು."

ಹೇಳಿದಳಂತೆ. ಅದಾದ ಮೂರನೇ ದಿನ ಹೋಗಿಬಿಟ್ಟರು.

ಅವರನ್ನು ಕಳಿಸಿ ಬಂದ ಮಧ್ಯಾಹ್ನ ನಾನು ಸ್ಟೂಲು ಹತ್ತಿ ಡಬ್ಬ ಇಳಿಸಿದೆ. ಮುಚ್ಚಳ ಒಂದು ಬದಿಗೆ ಎದ್ದಿತ್ತು. ಉಂಡೆಗಳು ಉಬ್ಬಿ, ಬಿರಿದು, ಹಿಟ್ಟಾಗಿದ್ದವು. ಸುಣ್ಣ ಸತ್ತಿದೆ ಎಂದು ನೋಡಿದ ಕೂಡಲೇ ತಿಳಿಯಿತು, ತಿಳಿಯದೆ ಏನು? ಆದರೂ ಜೀವ ತಡೆಯಲಿಲ್ಲ. ಕಬ್ಬಿಣದ ಬಟ್ಟಲಿಗೆ ಸುರಿದು ನೀರು ಚಿಮುಕಿಸಿ, ಬಟ್ಟೆ ಸುತ್ತಿ ಕೈಯಲ್ಲಿ ಹಿಡಿದು ಕೂತೆ. ಇನ್ನಷ್ಟು ನೀರು ಹಾಕಿದೆ. ಬಟ್ಟೆ ಒದ್ದೆಯಾಯಿತು, ಅಷ್ಟೇ.

ಅಕ್ಕ ಯಾವಾಗ ಬಂದಳೋ, ಬಾಗಿಲಲ್ಲಿ ನಿಂತಿದ್ದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. ಬಟ್ಟಲು ನೋಡಿ, "ತೆಗೆದ್ಯಾ? ಬಿಸಿ ಆಯ್ತೇನೇ?" ಎಂದಳು.

"ಆಯ್ತಕ್ಕ. ಹಿಡಿಯೋಕಾಗದಷ್ಟು ಬಿಸಿ."

"ಎಲ್ಲಿ, ನನಗೂ ಒಂಚೂರು ಕೊಡೇ" ಎಂದು ಅಕ್ಕ ಎರಡೂ ಕೈ ಚಾಚಿದಳು.